ಸುಜಾತಾ ಸಿಸ್ಟರ್ ಮತ್ತು ಗುರುವಾರದ ಗಾಡಿ

ಸುಜಾತಾ ಸಿಸ್ಟರ್ ಕೈಗೆ ಏನೇ ಕೊಡಿ, ಮೊದಲು ಅದನ್ನು ಅಲ್ಲಾಡಿಸುತ್ತಿದ್ದರು, ಆಮೇಲೆ ಬೆಳಕಿಗೆ ಹಿಡಿದು ನೋಡುತ್ತಿದ್ದರು. ತೆಂಗಿನಕಾಯಿ ಆಯಿತು, ಎಣ್ಣೆ ಬಾಟಲಿ ಆಯಿತು, ಸೇಡಂನ ಅವರ ಮನೆಯ ಮಾಳಿಗೆಗೆ ಬಾಡಿಗೆಗೆ ಬಂದ ದಿನ ನಾನು ಕೊಟ್ಟ ಪೇಢೆಯ ಡಬ್ಬಿಯನ್ನೂ ಅವರು ಬಿಡಲಿಲ್ಲ. ನನಗೆ ಒಳಗೊಳಗೇ ಸಿಟ್ಟು ಬಂತು. ಅದು ಅವರಿಗೆ ಗೊತ್ತಾಗಿಬಿಟ್ಟಿತು.

“ತಪ್ಪ ತಿಳ್ಕೋಬ್ಯಾಡ್ರಿ ಮಾಸ್ತರ್ರೆ. ಮೂವತ್ತ ವರ್ಷದ ಚಟ ಅದ ಇದು. ಲಸಿಕಿ ಬಾಟ್ಲಿ ಅಲ್ಲಾಡಿಸಿ ನೋಡದೇ ಒಂದ ಕೂಸಿಗೂ ನಾ ಸೂಜಿ ಚುಚ್ಚಿಲ್ಲ,” ಎಂದು ನಕ್ಕು, ಪೇಢೆ ಬಾಯಿಗೆ ಹಾಕಿಕೊಂಡರು.

ಅವರು ಸನ್ನತಿ ಕಡೆಯವರು. ಭೀಮಾ ದಂಡೆಯ ಬೌದ್ಧ ಮನೆತನದ ಮಗಳು, ಕೂಲಿ ಮಾಡುತ್ತಲೇ ಓದಿ ನರ್ಸ್ ಆದವರು. ಗಂಡ ತೀರಿಕೊಂಡ ಮೇಲೆ ಸೇಡಂನಲ್ಲಿ ಸ್ವಂತ ದುಡಿಮೆಯಲ್ಲಿ ಮನೆ ಕಟ್ಟಿಸಿದ್ದರು. ಕೆಲಸ ಮಾತ್ರ ಚಿಂಚೋಳಿ ಗುಡ್ಡದ ಕಡೆ. ಪ್ರತಿ ಗುರುವಾರ ಬೆಳಿಗ್ಗೆ ಆಸ್ಪತ್ರೆಯಿಂದ ಲಸಿಕೆಯ ನೀಲಿ ಪೆಟ್ಟಿಗೆ ತೆಗೆದುಕೊಂಡು, ತಮ್ಮ ಹಳೆಯ ಬಿಳಿ ಕಾರಿನಲ್ಲಿ ಬಸ್ಸು ಹೋಗದ ಒಂದು ಲಂಬಾಣಿ ತಾಂಡಾಕ್ಕೆ ಹತ್ತುತ್ತಿದ್ದರು. ಸ್ಟೇರಿಂಗಿನ ಮುಂದೆ ಹೆಬ್ಬೆರಳು ಗಾತ್ರದ ಬುದ್ಧನ ಮೂರ್ತಿ, ಪಕ್ಕದ ಸೀಟಿನಲ್ಲಿ ಬೆಲ್ಟ್ ಕಟ್ಟಿಸಿಕೊಂಡು ಕೂತ ಲಸಿಕೆ ಪೆಟ್ಟಿಗೆ. ನಾನು ಜೊತೆಗೆ ಹೋದರೆ ನನಗೆ ಹಿಂದಿನ ಸೀಟು.

ಆ ಪೆಟ್ಟಿಗೆಯ ವಿಷಯದಲ್ಲಿ ಅವರು ನನಗೆ ಒಂದು ಪಾಠ ಹೇಳಿದ್ದರು. “ಬಿಸಿ ಆದ್ರ ಲಸಿಕಿ ಕೆಡ್ತದ ಅಂತ ಎಲ್ಲಾರಿಗೂ ಗೊತ್ತದ. ಭಾಳ ಥಂಡಿ ಆದ್ರೂ ಕೆಡ್ತದ ಅನ್ನೋದು ಯಾರಿಗೂ ಗೊತ್ತಿಲ್ಲ. ಕೆಲವು ಲಸಿಕಿ ಬರ್ಫದಾಗ ಗಟ್ಟಿ ಆಗಿ ಕರಗಿದ್ರ, ಅಲ್ಲಾಡಿಸಿದಾಗ ಅದರಾಗ ಚೂರ ಚೂರ ಕಾಣ್ತಾವ. ಅಂಥಾದ್ದು ಕೂಸಿಗೆ ಹಾಕಿದ್ರ ನೀರ ಹಾಕಿದಂಗ.” ನಾನು ತಲೆಯಾಡಿಸಿದ್ದೆ. ಒಂಬತ್ತನೇ ತರಗತಿಗೆ ಉಷ್ಣದ ಪಾಠ ಮಾಡುವ ವಿಜ್ಞಾನದ ಮಾಸ್ತರ ನಾನು, ಇದೇನು ದೊಡ್ಡ ಮಾತು ಎಂಬ ಧಿಮಾಕು ಬೇರೆ ಇತ್ತು.

ಆ ಧಿಮಾಕು ಇಳಿದದ್ದು ಅವರ ಕಾರಿನ ದೆಸೆಯಿಂದ.

ಕಾರಿನ ಎಂಜಿನ್ನಿಗೂ ಅದರ ನೀರನ್ನು ತಣಿಸುವ ರೇಡಿಯೇಟರಿಗೂ ನಡುವೆ ಒಂದು ಪುಟ್ಟ ಬಾಗಿಲಿರುತ್ತದೆ. ಅದೇ ಥರ್ಮೋಸ್ಟಾಟ್. ಎಂಜಿನ್ ತಣ್ಣಗಿದ್ದಾಗ ಮುಚ್ಚಿರುತ್ತದೆ, ಹದಕ್ಕೆ ಬಿಸಿಯಾದಾಗ ಅದರೊಳಗಿನ ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ನಮ್ಮ ಸೀಮೆಯಲ್ಲಿ ಅದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ವಾಡಿಯಿಂದ ಚಿಂಚೋಳಿಯವರೆಗೆ ಯಾವ ಮಿಸ್ತ್ರಿಯನ್ನು ಕೇಳಿದರೂ ಒಂದೇ ಮಾತು, ಈ ಬಿಸಿಲಿಗೆ ಬಾಗಿಲು ಯಾಕೆ, ಕಿತ್ತು ಒಗೆಯಿರಿ. ಕಾರು ಕೈಕೊಡುವುದಕ್ಕೆ ಎರಡು ಬೇಸಿಗೆ ಮುಂಚೆ, ಸಿಸ್ಟರ್ ಊರಿಗೆ ಹೋಗಿದ್ದಾಗ ಸರ್ವಿಸಿಗೆ ಬಿಟ್ಟ ಕಾರಿನಿಂದ ನಾಗಪ್ಪ ಮಿಸ್ತ್ರಿ ಅದನ್ನು ಕಿತ್ತುಹಾಕಿದ. ಪಕ್ಕದಲ್ಲಿ ನಿಂತು “ಬರೋಬ್ಬರಿ ಮಾಡಿದಿ” ಎಂದವನು ನಾನೇ.

ಇಷ್ಟಕ್ಕೇ ನಿಲ್ಲಲಿಲ್ಲ ನನ್ನ ಉಪಕಾರ. ನಮ್ಮದು ಸುಣ್ಣದ ಕಲ್ಲಿನ ಸೀಮೆ. ಶಹಾಬಾದಿನ ಫರ್ಸಿ ಚಪ್ಪಡಿ, ವಾಡಿಯ ಸಿಮೆಂಟು ಎಲ್ಲ ಆ ಕಲ್ಲಿನಿಂದಲೇ. ಬೋರಿನ ನೀರು ಕಾಸಿದ ಪಾತ್ರೆಗೆ ತಿಂಗಳೊಳಗೆ ಬಿಳಿ ಪದರು ಕೂರುತ್ತದೆ. ನನ್ನ ಸ್ಕೂಟರು ತೊಳೆಯುವಾಗಲೆಲ್ಲ ಸಿಸ್ಟರ್‌ಗೆ ನೆರವಾಗಲಿ ಎಂದು ಅದೇ ನೀರನ್ನು ಅವರ ರೇಡಿಯೇಟರಿಗೂ ತುಂಬಿಸುತ್ತಿದ್ದೆ. ಎರಡು ವರ್ಷ ಹೀಗೆ ಆ ಕಾರಿಗೆ ಸುಣ್ಣ ಕುಡಿಸಿದೆ.

ಹೋಳಿ ಹಬ್ಬಕ್ಕೆ ಮುಂಚಿನ ಗುರುವಾರ ಗುಡ್ಡದ ನಡುವಿನ ತಿರುವಿನಲ್ಲಿ ಕಾರು ಕುದಿದು ನಿಂತಿತು. ಬಾನೆಟ್ಟಿನಿಂದ ಹಬೆ ಎದ್ದಿತು. ಸಿಸ್ಟರ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮುತ್ತುಗದ ನೆರಳಲ್ಲಿ ಕೂತರು. ಯಾವುದೋ ಟ್ರ್ಯಾಕ್ಟರ್ ಬಂದು ಎಳೆಯುವ ಹೊತ್ತಿಗೆ ಪೆಟ್ಟಿಗೆಯೊಳಗಿನ ಬರ್ಫ ಕರಗಿ ಹೋಗಿತ್ತು. ಲಸಿಕೆಯನ್ನು ಹಾಗೇ ವಾಪಸು ಒಪ್ಪಿಸಿ ಮನೆಗೆ ಬಂದವರು ಅವತ್ತು ಊಟ ಮಾಡಲಿಲ್ಲ. ಅವರ ನೌಕರಿಯಲ್ಲಿ ಗುರುವಾರ ತಪ್ಪಿದ್ದು ಅದೊಂದೇ.

ಮುಂದಿನ ಗುರುವಾರ ತಪ್ಪುವಂತಿರಲಿಲ್ಲ. ತಾಂಡಾದ ಜನ ವರ್ಷದಲ್ಲಿ ಎಲ್ಲಿಯೇ ದುಡಿಯಲಿ, ಹೋಳಿ ಹಬ್ಬಕ್ಕೆ ಊರಿಗೆ ಬರುತ್ತಾರೆ. ಹಬ್ಬ ಮುಗಿದ ಮೇಲೆ ಶುಕ್ರವಾರ ಟ್ರಕ್ಕು ಹತ್ತಿ ಮುಂಬಯಿ ಕಡೆ ಹೊರಡುತ್ತಾರೆ, ತೊಟ್ಟಿಲ ಕೂಸುಗಳ ಸಮೇತ. “ಗುರುವಾರ ನಾ ಹೋಗ್ಲಿಲ್ಲಂದ್ರ ಆ ಕೂಸುಗೋಳು ಮತ್ತ ದೀಪಾವಳಿಗೇ ನನ್ನ ಕೈಗೆ ಸಿಗೋದು. ನಡುವ ಏನಾದ್ರೂ ಆದ್ರ ಯಾರ ಹೊಣಿ?” ಎಂದರು ಸಿಸ್ಟರ್. ಮದುವೆ ಕಾಲವಾದ್ದರಿಂದ ಬಾಡಿಗೆ ಗಾಡಿಗಳೆಲ್ಲ ಮುಂಚೆಯೇ ಬುಕ್ಕಾಗಿದ್ದವು. ನಾಗಪ್ಪ ಮಿಸ್ತ್ರಿಯೂ ಚಿತ್ತಾಪುರದ ಮದುವೆಗೆ ಹೋಗಿದ್ದ, ಬರುವುದು ಶುಕ್ರವಾರವೇ.

“ಹಂಗಾದ್ರ ನಾವೇ ಮಾಡೋಣು,” ಎಂದರು ಸಿಸ್ಟರ್, ಒಗ್ಗರಣೆ ಹಾಕುವಷ್ಟು ಸಲೀಸಾಗಿ.

ಥರ್ಮೋಸ್ಟಾಟ್ ಕಿತ್ತ ಸಂಗತಿ ಅವರಿಗೆ ತಿಳಿದದ್ದು ಆಗಲೇ. ಕಾರಿನ ಜೊತೆ ಬಂದ ಪುಸ್ತಕ ತೆಗೆದು, ನನ್ನಿಂದ ಓದಿಸಿ, ಬಿಸಿ ತೋರಿಸುವ ಸೂಜಿ ಚಳಿಗಾಲದಲ್ಲಿ ಯಾಕೆ ಮೇಲೇಳುತ್ತಿರಲಿಲ್ಲ ಎಂದು ಪತ್ತೆ ಹಚ್ಚಿದರು. ನಾನು ಬಾಯಿಬಿಟ್ಟು ಎರಡೂ ತಪ್ಪು ಒಪ್ಪಿಕೊಂಡೆ, ಬಾಗಿಲು ಕೀಳಿಸಿದ್ದು, ಬೋರಿನ ನೀರು ತುಂಬಿದ್ದು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಭಾಳ ಥಂಡಿ ಆದ್ರೂ ಕೆಡ್ತದ ಅಂತ ಹೇಳಿದ್ದೆಲ್ರಿ? ಎಂಜಿನ್ನಿಗೂ ಅದೇ ಮಾತು. ನೀವು ಪಾಠಾ ಹೇಳ್ತೀರಿ, ಕೇಳಂಗಿಲ್ಲ,” ಎಂದರು. ಬೈದಿದ್ದರೇ ವಾಸಿಯಿತ್ತು.

ಸೋಮವಾರ ನಾನು ಕಲಬುರಗಿಗೆ ಹೋಗಿ ಹೊಸ ಥರ್ಮೋಸ್ಟಾಟ್, ಅದು ಸೋರದಂತೆ ತಡೆಯುವ ಗ್ಯಾಸ್ಕೆಟ್, ಎಂಜಿನ್ ತಣಿಸುವ ಹಸಿರು ಕೂಲಂಟ್ ತಂದೆ. ಸಿಸ್ಟರ್ ಅಂದಿನಿಂದಲೇ ಬ್ಯಾಂಕಿನ ಹಿಂದೆ ಎಸಿ ಪೈಪಿನ ಕೆಳಗೆ ಡಬ್ಬಿ ಇಟ್ಟು ಬಂದಿದ್ದರು. ಹನಿ ಹನಿಯಾಗಿ ಬಿದ್ದ ಆ ನೀರಲ್ಲಿ ಸುಣ್ಣವಿರುವುದಿಲ್ಲ. ಕಾವಲುಗಾರ ಕೇಳಿದ್ದಕ್ಕೆ, “ಪೇಷಂಟ್ ಅದಾನ, ಅವಗ ಬೋರಿನ ನೀರ ಒಗ್ಗಂಗಿಲ್ಲ,” ಎಂದರಂತೆ.

ಬುಧವಾರ ಹಬ್ಬದ ರಜೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಸಿಸ್ಟರ್ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಗೆ ರಬ್ಬರ್ ಗವಸು ಹಾಕಿಕೊಂಡು ಬಂದರು. ರೇಡಿಯೇಟರಿನ ಕೆಳಗಿನ ಪೈಪು ಬಿಚ್ಚಿದಾಗ ಬಕೆಟ್ಟಿಗೆ ಸುರಿದದ್ದು ನೀರಲ್ಲ, ಕೆಮ್ಮಣ್ಣಿನ ರಾಡಿ. ಚಹಾ ಪಾತ್ರೆಯ ಸುಣ್ಣ ಬಿಡಿಸಲು ಇಟ್ಟಿದ್ದ ಲಿಂಬೆಹುಳಿಯ ಪುಡಿಯನ್ನು ನೀರಿಗೆ ಕಲಸಿ ತುಂಬಿದರು. ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ಆರಲು ಬಿಟ್ಟು, ಬಗ್ಗಿಸಿದರು. ಬಿಳಿ ಹಕ್ಕಳೆ ಹಕ್ಕಳೆಯಾಗಿ ಸುಣ್ಣ ಬಂತು. ಮತ್ತೆ ನೀರು, ಮತ್ತೆ ಬಗ್ಗಿಸುವುದು. ಪ್ರತಿ ಸಲ ಒಂದು ಗಾಜಿನ ಲೋಟದಲ್ಲಿ ಹಿಡಿದು ಅಲ್ಲಾಡಿಸಿ ಬೆಳಕಿಗೆ ನೋಡುವುದು, “ಇನ್ನೂ ಸಾಫ್ ಇಲ್ಲ, ಮತ್ತೊಮ್ಮಿ,” ಎನ್ನುವುದು. ನನ್ನ ಸೊಂಟ ಬಿದ್ದುಹೋಗುವ ಹಾಗಾಯಿತು. “ಸಾಕ್ರಿ ಸಿಸ್ಟರ್,” ಎಂದೆ. “ನಾಳಿಗಿ ಆ ತಿರುವಿನ್ಯಾಗ ಗಾಡಿ ನಿಂತ್ರ ನೀವ ದಬ್ಬತೀರಿ?” ಎಂದರು. ನಾನು ಮತ್ತೆ ಬಕೆಟ್ಟು ಎತ್ತಿಕೊಂಡೆ.

ಕೊನೆಗೊಮ್ಮೆ ಲೋಟದ ನೀರು ಕುಡಿಯುವಷ್ಟು ತಿಳಿಯಾಯಿತು. ಇನ್ನು ಥರ್ಮೋಸ್ಟಾಟ್ ಕೂರಿಸುವುದೊಂದೇ ಬಾಕಿ ಎಂದುಕೊಂಡರೆ, ಸಿಸ್ಟರ್ ಅದನ್ನು ಡಬ್ಬಿಯಿಂದ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ, “ಹೊಸಾದಂತ ನಂಬಬೇಕೇನು?” ಎನ್ನುತ್ತ ಅಡಿಗೆಮನೆಗೆ ನಡೆದರು. ಹಾಲು ಕಾಸುವ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟಿಗೆ ದಾರ ಕಟ್ಟಿ ಇಳಿಬಿಟ್ಟರು. ನಮ್ಮ ಶಾಲೆಯ ಪ್ರಯೋಗಾಲಯದ ಥರ್ಮಾಮೀಟರನ್ನು ನಾನು ಹಿಡಿದು ನಿಂತೆ. ಬಾಗಿಲು ತೆರೆಯುವ ಬಿಸಿ ಎಂಬತ್ತೆರಡು ಡಿಗ್ರಿ ಎಂದು ಥರ್ಮೋಸ್ಟಾಟಿನ ಮೇಲೆ ಕೊರೆದಿತ್ತು. ಎಂಬತ್ತರವರೆಗೆ ಕಲ್ಲಿನಂತೆ ಕೂತಿದ್ದ ಬಾಗಿಲು ಎಂಬತ್ತೆರಡು ದಾಟುತ್ತಿದ್ದಂತೆ ಕೂದಲೆಳೆಯಷ್ಟು ಸರಿಯಿತು, ಆಮೇಲೆ ಮೆಲ್ಲಗೆ ಪೂರ್ತಿ ತೆರೆಯಿತು. ಬಿಸಿಗೆ ವಸ್ತು ಹಿಗ್ಗುತ್ತದೆ ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದ ನಾನು, ಅದನ್ನು ಕಣ್ಣಾರೆ ನೋಡಿದ್ದು ಅವತ್ತು, ಸಿಸ್ಟರ್ ಅವರ ಹಾಲಿನ ಪಾತ್ರೆಯಲ್ಲಿ. ಸಿಸ್ಟರ್ ಒಲೆ ಆರಿಸುತ್ತ, “ಹೋಗಬ್ಯಾಡ್ರಿ, ತೆರಿಯೋದು ನೋಡಿದ್ರ ಸಾಲಂಗಿಲ್ಲ, ಮುಚ್ಚೋದೂ ನೋಡಬೇಕು,” ಎಂದು ನೀರು ಆರುವವರೆಗೆ ನನ್ನನ್ನು ನಿಲ್ಲಿಸಿದರು.

ಎಂಜಿನ್ನಿನಲ್ಲಿ ಅದನ್ನು ಕೂರಿಸುವ ಗೌರವ ನನಗೇ ಕೊಟ್ಟರು. ನಾನು ಸ್ಪ್ರಿಂಗಿನ ಭಾಗವನ್ನು ಮೇಲೆ ಮಾಡಿ ಇಟ್ಟೆ. ಸಿಸ್ಟರ್ ಅದನ್ನು ನೋಡಿ, “ಮಾಸ್ತರ್ರೆ, ಒಲಿ ಎತ್ತಾಗ ಅದ?” ಎಂದರು. ಮೇಣವಿರುವ ಆ ಸ್ಪ್ರಿಂಗಿನ ಭಾಗ ಎಂಜಿನ್ನಿನ ಕಡೆ ಇದ್ದರೆ ತಾನೇ ಅದಕ್ಕೆ ಬಿಸಿ ತಿಳಿಯುವುದು. ನಾಚಿಕೆಯಿಂದ ತಿರುಗಿಸಿ ಇಟ್ಟೆ. ಹೊಸ ಗ್ಯಾಸ್ಕೆಟ್ ಹಾಕಿ ಎರಡೂ ಬೋಲ್ಟನ್ನು ಅವರೇ ಸರತಿಯಂತೆ ಅಷ್ಟಷ್ಟೇ ಬಿಗಿದರು. ಕೂಲಂಟಿಗೆ ಸಮ ಪ್ರಮಾಣದಲ್ಲಿ ಎಸಿ ನೀರು ಬೆರೆಸಿ ತುಂಬಿ, ಮುಚ್ಚಳ ತೆರೆದಿಟ್ಟೇ ಎಂಜಿನ್ ಚಾಲೂ ಮಾಡಿದರು. ಒಳಗಿನ ಗಾಳಿ ಗುಳುಗುಳು ಎಂದು ಹೊರಬಂತು. ನನ್ನ ಕೈ ಹಿಡಿದು ಮೇಲಿನ ಪೈಪಿನ ಮೇಲಿಟ್ಟು, “ಹಿಂಗ ಹಿಡೀರಿ, ಪಂಖಾಕ್ಕ ಕೈ ಕೊಡಬ್ಯಾಡ್ರಿ,” ಎಂದರು. ಪೈಪು ತಣ್ಣಗಿತ್ತು. ಬಹಳ ಹೊತ್ತು ತಣ್ಣಗೇ ಇತ್ತು. ಆಮೇಲೆ ಒಮ್ಮೆಲೇ ನನ್ನ ಅಂಗೈ ಕೆಳಗೆ ಬಿಸಿ ಹರಿಯಿತು.

“ತೆರೀತ್ರಿ!” ಎಂದು ಕೂಗಿದೆ, ಕೂಸು ಹುಟ್ಟಿತು ಎನ್ನುವ ದನಿಯಲ್ಲಿ. ಅವತ್ತು ಸಿಸ್ಟರ್ ನಕ್ಕದ್ದು ಆಗಲೇ ಮೊದಲು.

ಗುರುವಾರ ನಾನೂ ರಜೆ ಹಾಕಿ ಹಿಂದಿನ ಸೀಟಿನಲ್ಲಿ ಕೂತೆ. ಚಿಂಚೋಳಿ ದಾಟಿ ಗುಡ್ಡ ಹತ್ತುವಾಗ ಇಬ್ಬರೂ ಮತ್ತೆ ಮತ್ತೆ ಬಿಸಿ ತೋರಿಸುವ ಸೂಜಿ ನೋಡುತ್ತಿದ್ದೆವು. ಸೂಜಿ ನಡುಮಧ್ಯಕ್ಕೆ ಬಂದು ನಿಂತಿತು. ಹಿಂದಿನ ವಾರ ನಿಂತ ತಿರುವು ಬಂತು. ಸಿಸ್ಟರ್ ಗೇರು ಇಳಿಸಿದರು, ವೇಗ ತಗ್ಗಿಸಲಿಲ್ಲ. ಸೂಜಿ ಮಿಸುಕಲಿಲ್ಲ.

ತಾಂಡಾದಲ್ಲಿ ಗಂಟು ಮೂಟೆ ಕಟ್ಟಿಟ್ಟ ಮನೆಗಳ ಮುಂದೆ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಕಾದಿದ್ದರು. ಎಲ್ಲರಿಗಿಂತ ಮುಂದೆ ಸೋಮ್ಲಿಬಾಯಿ ಎಂಬ ಮುದುಕಿ. ವರ್ಷಗಳ ಹಿಂದೆ ಸೂಜಿ ಬೇಡವೇ ಬೇಡ ಎಂದು ಮೊಮ್ಮಗನನ್ನು ಅಡಗಿಸಿಟ್ಟವಳು ಅವಳೇ. ಆಗ ಸಿಸ್ಟರ್ ಬಾಟಲಿ ಅಲ್ಲಾಡಿಸಿ ಅವಳ ಕಣ್ಣ ಮುಂದೆ ಹಿಡಿದು, “ನೀನೇ ನೋಡವ್ವ. ಇದರಾಗ ಚೂರ ಕಂಡ್ರ ನನ್ನ ಬಡದು ಕಳಸು,” ಎಂದಿದ್ದರಂತೆ. ಅಂದಿನಿಂದ ಮೊದಲ ಬಾಟಲಿ ನೋಡುವ ಹಕ್ಕು ಅವಳದು. ಅವತ್ತೂ ಅವಳು ಒಂದು ಕಣ್ಣು ಮುಚ್ಚಿ ನೋಡಿ, ಹೂಂ ಎಂದ ಮೇಲೆಯೇ ಸೂಜಿ ಶುರುವಾಯಿತು. ಶುಕ್ರವಾರದ ಟ್ರಕ್ಕಿಗೆ ಹೊರಟ ಕೂಸುಗಳಲ್ಲಿ ಒಂದೂ ತಪ್ಪಲಿಲ್ಲ. ಮರಳುವಾಗ ಸಿಸ್ಟರ್ ದಾರಿಯುದ್ದಕ್ಕೂ ಯಾವುದೋ ಹಳೆಯ ಹಾಡು ಗುನುಗುತ್ತಿದ್ದರು.

ನಿವೃತ್ತಿಯಾದ ಮೇಲೆ ಕಣ್ಣಿಗೆ ಪೊರೆ ಬಂದು ಅವರು ಸನ್ನತಿಯ ಹತ್ತಿರ ತಮ್ಮನ ಮನೆಗೆ ಹೋದರು. ಕಾರಿನ ಕೀಲಿ ನನಗೆ ಕೊಟ್ಟರು. “ಎಲ್ಲಾ ನಿಮ್ಮದು. ಬೋರಿನ ನೀರ ಮಾತ್ರ ತೋರಸಬ್ಯಾಡ್ರಿ,” ಎಂದರು. ಕಳೆದ ಶ್ರಾವಣದಲ್ಲಿ ನೋಡಲು ಹೋದಾಗ ಬಾಗಿಲಿಗೆ ಬಂದವರು ನನ್ನನ್ನು ಮಾತಾಡಿಸುವ ಮೊದಲು ಬಾನೆಟ್ ತೆಗೆಸಿದರು. ಕೂಲಂಟ್ ಡಬ್ಬಿಯ ಹಸಿರು ನೀರನ್ನು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿ, “ಸಾಫ್ ಅದ. ಬರ್ರಿ ಒಳಗ, ಕುಂದ್ರಿ,” ಎಂದರು. ಅದೇ ಕೊನೆ. ದಸರೆಯ ಮುಂಚೆ ಹೃದಯ ನಿಂತು ಹೋದರು. ಮಣ್ಣಿಗೆ ಹೋಗಿ ಬಂದ ಮೇಲೆ ವಾರಗಟ್ಟಲೆ ನನಗೆ ಆ ಕಾರು ಹತ್ತಲು ಮನಸ್ಸಾಗಲಿಲ್ಲ.

ಹತ್ತಿಸಿದ್ದು ಹೊಸ ಸಿಸ್ಟರ್. ಇನ್ನೂ ಚಿಕ್ಕ ಹುಡುಗಿ, ಸೇಡಂನವಳೇ, ಆ ತಾಂಡಾಕ್ಕೆ ಅದೇ ಮೊದಲ ಸಲ ಹೊರಟವಳು. ಒಂದು ಬುಧವಾರ ಅವಳ ಸ್ಕೂಟಿ ಕೆಟ್ಟು, “ಸರ್, ನಾಳಿಗಿ ಗುರುವಾರ ಅದರಿ,” ಎಂದು ಬಂದು ನಿಂತಳು. ಆ ಮಾತಿಗೆ ನಾನು ಇಲ್ಲ ಎನ್ನುವುದು ಹೇಗೆ? ಮರುದಿನ ಲಸಿಕೆ ಪೆಟ್ಟಿಗೆಗೆ ಮುಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿ, ಅವಳನ್ನು ಹಿಂದೆ ಕೂರಿಸಿ, ಗುಡ್ಡ ಹತ್ತಿದೆ. ಸೂಜಿ ನಡುಮಧ್ಯದಲ್ಲಿತ್ತು.

ಪರಿಚಯದ ಗಾಡಿಯ ಸದ್ದು ಕೇಳಿ ಹೆಂಗಸರು ತಾವಾಗಿಯೇ ಕೂಸುಗಳೊಂದಿಗೆ ಹೊರಬಂದರು. ಇಳಿದವರು ನಾವಿಬ್ಬರೇ ಎಂದು ನೋಡಿ ಸೋಮ್ಲಿಬಾಯಿ, “ನಮ್ಮ ಸಿಸ್ಟರ್ ಎಲ್ಲಿ?” ಎಂದಳು. ಹೇಳಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟಳು. ನನಗೂ ಅಳು ಬಂತು, ತಡೆಯಲಿಲ್ಲ. ಹುಡುಗಿ ಏನು ಮಾಡಬೇಕೋ ತಿಳಿಯದೆ, ಪೆಟ್ಟಿಗೆ ತೆಗೆದು, ಬಾಟಲಿಗೆ ಸೂಜಿ ಹಚ್ಚಲು ಹೋದಳು.

“ತಡೀ ತಂಗಿ,” ಎಂದಳು ಸೋಮ್ಲಿಬಾಯಿ ಕಣ್ಣೊರೆಸಿಕೊಳ್ಳುತ್ತ ಎದ್ದು. “ಮೊದಲ ಅಲ್ಲಾಡಿಸಿ ನನಗ ತೋರಸು.”

ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ ಬಾಟಲಿಯನ್ನು ಅಲ್ಲಾಡಿಸಿ ಬಿಸಿಲಿಗೆ ಎತ್ತಿ ಹಿಡಿದಳು. ಮುದುಕಿ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

“ಚೂರಿಲ್ಲ. ಹಾಕು.”