ಷೇರುದಾರರ ಸಭೆಯಲ್ಲಿ ಅಪ್ಪ

ನಮ್ಮ ಕಂಪನಿಯ ಷೇರುಗಳನ್ನು ಅಪ್ಪ ಕೊಂಡದ್ದು ನಾನು ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಪೀಣ್ಯದಲ್ಲಿ ಗೇರ್‌ಬಾಕ್ಸ್ ತಯಾರಿಸುವ ಕಂಪನಿ, ಅಷ್ಟೇನೂ ದೊಡ್ಡದಲ್ಲ. ಅಪ್ಪ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಮಾಲನ್ನು ವಾಪಸ್ ಕಳಿಸುತ್ತಿದ್ದರೆಂದು ಅವರ ಜೊತೆಗಾರರು ಇವತ್ತಿಗೂ ಹೇಳುತ್ತಾರೆ. ಮಗಳ ಕಂಪನಿಯಲ್ಲಿ ತಮ್ಮದೂ ಒಂದು ಪಾಲಿದೆ ಎನ್ನುವುದು ಅವರಿಗೆ ಸಣ್ಣದೊಂದು ಹೆಮ್ಮೆ.

ಹತ್ತು ವರ್ಷ ಕಳೆಯುವಷ್ಟರಲ್ಲಿ ನಾನು ಮಾರಾಟ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಮ್ಮ ಎಂ.ಡಿ. ದಾವಣಗೆರೆ ಕಡೆಯವರು, ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತು ಕೆಲಸ ಶುರು ಮಾಡಿ ಆ ಕುರ್ಚಿಯವರೆಗೆ ಬಂದವರು. ಹಣೆಯ ಮೇಲೆ ತೆಳ್ಳಗೆ ವಿಭೂತಿ. ಬೆಳಿಗ್ಗೆ ಮೊದಲು ಅಸೆಂಬ್ಲಿ ಶೆಡ್ಡಿಗೆ ಹೋಗಿ ಒಂದು ಸುತ್ತು ಹಾಕದೆ ತಮ್ಮ ಕೋಣೆಗೆ ಬರುತ್ತಿರಲಿಲ್ಲ.

ಪ್ರತಿ ಏಪ್ರಿಲ್‌ನಲ್ಲಿ ಆ ವರ್ಷದ ಮಾರಾಟದ ಅಂದಾಜು ಕೊಡಬೇಕಾದವಳು ನಾನು. ಅದನ್ನು ನೋಡಿಕೊಂಡು ಅವರು ಷೇರುದಾರರಿಗೆ ಮಾತು ಕೊಡುತ್ತಿದ್ದರು. ಹಿಂದಿನ ವರ್ಷದ ಅಂದಾಜು ಆಗಲೇ ತಪ್ಪಿತ್ತು. ಈ ಸಲ ನಾನು ಕೊಟ್ಟ ಮೊದಲ ಪಟ್ಟಿಯನ್ನು ಅವರು ಬಹಳ ಹೊತ್ತು ನೋಡಿದರು.

"ಇಷ್ಟೇ ಏನಮ್ಮಾ? ಇನ್ನೊಂದು ಸಲ ನೋಡಿ."

ಅವರ ಮುಖದಲ್ಲಿ ಕಂಡ ನಿರಾಸೆಯನ್ನು ನನ್ನಿಂದ ತಾಳಲಾಗಲಿಲ್ಲ. ಮಾತುಕತೆಯ ಹಂತದಲ್ಲೇ ಇದ್ದ ಎರಡು ದೊಡ್ಡ ಆರ್ಡರ್‌ಗಳನ್ನು ಮರುದಿನ ಪಟ್ಟಿಗೆ ಸೇರಿಸಿದೆ. ಎರಡಕ್ಕೂ ಸಹಿ ಬಿದ್ದಿರಲಿಲ್ಲ. "ಕೈಗೆ ಬಂದಂಗೇ ಸಾರ್" ಅಂದೆ. ಅವರು ಮತ್ತೇನೂ ಕೇಳಲಿಲ್ಲ. ಆ ಮೌನದಿಂದ ನನಗೆ ನಿರಾಳವಾಯಿತು ಎನ್ನುವುದನ್ನು ಇಲ್ಲಿ ಬರೆಯಲೇಬೇಕು.

ದೀಪಾವಳಿಗೆ ಮೊದಲೇ ಒಂದು ಆರ್ಡರ್ ಪುಣೆಯ ಕಂಪನಿಯೊಂದರ ಪಾಲಾಯಿತು. ಇನ್ನೊಂದು, ಮುಂದಿನ ತಿಂಗಳು ಮುಂದಿನ ತಿಂಗಳು ಎನ್ನುತ್ತಲೇ ಇಲ್ಲವಾಯಿತು. ಷೇರಿನ ಬೆಲೆ ಕುಸಿಯಿತು. ಅಪ್ಪ ಪೇಪರ್ ಮಡಚಿಟ್ಟು, "ಏನಮ್ಮ ಆಗ್ತಿದೆ ನಿಮ್ಮಲ್ಲಿ?" ಎಂದು ಕೇಳಿದಾಗ, "ಮಾರ್ಕೆಟ್ಟೇ ಸರಿಯಿಲ್ಲಪ್ಪ" ಎಂದು ತಪ್ಪಿಸಿಕೊಂಡೆ.

ಆ ಲೆಕ್ಕವರ್ಷ ಮುಗಿದ ಮೇಲಿನ ವಾರ್ಷಿಕ ಸಭೆ ಜಾಲಹಳ್ಳಿಯ ಕಲ್ಯಾಣ ಮಂಟಪವೊಂದರ ಸಣ್ಣ ಹಾಲಿನಲ್ಲಿ ನಡೆಯಿತು. ಸಾಮಾನ್ಯವಾಗಿ ಖಾರಾಬಾತು, ಕೇಸರಿಬಾತು ತಿಂದು, ಕಾಫಿ ಕುಡಿದು ಎದ್ದು ಹೋಗುವವರೇ ಹೆಚ್ಚು. ಆವತ್ತು ಯಾರೂ ಏಳಲಿಲ್ಲ. ಎಂ.ಡಿ.ಯವರನ್ನು ಇನ್ನೊಂದು ಅವಧಿಗೆ ಮುಂದುವರಿಸಬೇಕೇ ಎಂಬುದಕ್ಕೆ ಮತ ಹಾಕಬೇಕಿತ್ತು. ನಾನು ವೇದಿಕೆಯ ಎಡಗಡೆ, ಮೊದಲ ಸಾಲಿನಲ್ಲಿ ಕೂತಿದ್ದೆ. ಅಪ್ಪ ಬರುತ್ತಾರೆಂದು ಗೊತ್ತಿತ್ತು. ಮಾತಾಡುತ್ತಾರೆಂದು ಗೊತ್ತಿರಲಿಲ್ಲ.

ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ವಾರ್ಷಿಕ ವರದಿಯ ಪುಸ್ತಕ ಹಿಡಿದು ಅವರು ಮೈಕಿನ ಮುಂದೆ ಬಂದು ನಿಂತರು. ಪುಟಗಳ ನಡುವೆ ಗುರುತಿಗಿಟ್ಟ ಚೀಟಿಗಳು ಕಾಣುತ್ತಿದ್ದವು.

"ಸಾರ್, ಹೋದ ವರ್ಷ ಇದೇ ಸಭೇಲಿ ನೀವೊಂದು ಮಾತು ಕೊಟ್ರಿ. ಆಗ್ಲಿಲ್ಲ. ಅದರ ಹಿಂದಿನ ವರ್ಷದ್ದೂ ಆಗ್ಲಿಲ್ಲ. ವ್ಯಾಪಾರ ಅಂದ್ಮೇಲೆ ಏಳುಬೀಳು ಇದ್ದಿದ್ದೇ, ಅದನ್ನ ಕೇಳ್ತಿಲ್ಲ ನಾನು. ಎರಡು ದೊಡ್ಡ ಆರ್ಡರ್ ಬರ್ಲೇ ಇಲ್ಲ ಅಂತ ಈ ವರದೀಲೇ ಇದೆ. ಬರದೇ ಇರೋ ಆರ್ಡರನ್ನ ಬಂದೇಬಿಡ್ತು ಅಂತ ಲೆಕ್ಕಕ್ಕೆ ಹಿಡಿದಿದ್ದು ಯಾರು? ಅಷ್ಟು ಹೇಳಿ ಸಾಕು."

ನಾನು ಎದ್ದು ನಿಲ್ಲಬಹುದಿತ್ತು, ಒಂದೇ ಒಂದು ವಾಕ್ಯ ಸಾಕಿತ್ತು. ನಾನು ಏಳಲಿಲ್ಲ.

ಎಂ.ಡಿ. ನಾನಿದ್ದ ಕಡೆ ತಿರುಗಿಯೂ ನೋಡಲಿಲ್ಲ. "ನಾನೇ ಸಾರ್," ಅಂದರು. "ಅಂದಾಜು ನನ್ನದು. ತಪ್ಪೂ ನನ್ನದೇ."

ಅಪ್ಪ ತಲೆಯಾಡಿಸಿ, "ಥ್ಯಾಂಕ್ಸ್ ಸಾರ್" ಎಂದು ಹೋಗಿ ಕೂತರು. ಆಮೇಲೆ ಉಳಿದವರು ಒಬ್ಬರ ಹಿಂದೊಬ್ಬರು ಎದ್ದರು. ಒಬ್ಬರಂತೂ "ನಾಚಿಕೆ ಆಗಲ್ವೇನ್ರೀ ನಿಮಗೆ?" ಎಂದು ಕೂಗಿದರು. ಎಂ.ಡಿ. ಕೊನೆಯವರೆಗೂ ನಿಂತೇ ಉತ್ತರ ಕೊಟ್ಟರು. ಮನೆಗೆ ಬರುವಾಗ ಕಾರಿನಲ್ಲಿ ಅಪ್ಪ, "ಮನುಷ್ಯ ನೇರ ಇದಾನೆ ಕಣಮ್ಮ. ಆದ್ರೂ ಬೇಡ ಅಂತ್ಲೇ ಮತ ಹಾಕ್ದೆ" ಎಂದರು. ನಾನು ಸಿಗ್ನಲ್ ನೋಡುತ್ತಾ ಕೂತೆ.

ಎರಡು ದಿನದ ಮೇಲೆ ಫಲಿತಾಂಶ ಬಂತು. ದೊಡ್ಡ ಪಾಲಿದ್ದ ಹೂಡಿಕೆದಾರರೂ ಅವರ ವಿರುದ್ಧವೇ ಮತ ಹಾಕಿದ್ದರು.

ಅವರ ಕೊನೆಯ ದಿನ ಕೋಣೆಗೆ ಹೋದೆ. ಅವರು ಹಳೆಯ ಡ್ರಾಯಿಂಗ್‌ಗಳನ್ನು ಸುರುಳಿ ಸುತ್ತುತ್ತಿದ್ದರು.

"ಸಾರ್, ಆ ಎರಡು ಆರ್ಡರ್ ಸೇರಿಸಿದ್ದು ನಾನು."

"ಸೇರಿಸಿದ್ದು ನೀವು. ಸಹಿ ಆಗಿಲ್ಲ ಅಂತ ನಂಗೂ ಗೊತ್ತಿತ್ತಲ್ಲಮ್ಮ. ಕೇಳಿದ್ರೆ ನಿಜ ಹೇಳಿಬಿಡ್ತೀರಿ ಅಂತ ಕೇಳ್ಲಿಲ್ಲ." ಮತ್ತೊಂದು ಡ್ರಾಯಿಂಗ್ ಸುತ್ತುತ್ತಾ, "ಆವತ್ತು ಮೊದಲು ಎದ್ದು ನಿಂತರಲ್ಲ ಹಿರಿಯರು, ಅವರು ಕೇಳಿದ್ದು ಸರಿಯಾಗಿತ್ತು" ಅಂದರು.

"ಅವರು ನಮ್ಮಪ್ಪ, ಸಾರ್."

ಅವರು ಕೈಯಲ್ಲಿದ್ದ ಸುರುಳಿಯನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತುಬಿಟ್ಟರು. "ಅವರಿಗೆ ಗೊತ್ತಾ?"

"ಇಲ್ಲ."

"ಹೇಳಿ," ಅಂದರು. ಅಷ್ಟೇ.

ಆ ಸಂಜೆಯೇ ಹೇಳಿದೆ. ಅಪ್ಪ ಟಿವಿ ಆರಿಸಿದರು. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ.

"ಮೊದ್ಲೇ ಹೇಳಿದ್ರೆ ಆಗ್ತಿತ್ತು."

"ಹೇಳಿದ್ರೆ ಸಭೇಲಿ ಆ ಪ್ರಶ್ನೆ ಕೇಳ್ತಿರ್ಲಿಲ್ವಾಪ್ಪ ನೀನು?"

"ಕೇಳ್ತಿದ್ದೆ. ನಿನ್ನ ಕಡೆ ತಿರುಗಿ ಕೇಳ್ತಿದ್ದೆ."

ಹೊಸ ಎಂ.ಡಿ. ಬಂದರು. ಮುಂದಿನ ಏಪ್ರಿಲ್‌ನಲ್ಲಿ ನಾನು ಸಹಿ ಬಿದ್ದ ಆರ್ಡರ್‌ಗಳನ್ನು ಮಾತ್ರ ಪಟ್ಟಿ ಮಾಡಿದೆ. ಪಟ್ಟಿ ಚಿಕ್ಕದಾಗಿತ್ತು. ಅದನ್ನು ನೋಡಿ ಅವರು ಎರಡನೇ ಪಾಳಿಯನ್ನೇ ನಿಲ್ಲಿಸಿದರು. ಕೆಲಸ ಕಳೆದುಕೊಂಡ ಅಸೆಂಬ್ಲಿಯ ಗುತ್ತಿಗೆ ಕೆಲಸಗಾರರು ಗೇಟು ದಾಟಿ ಹೋದರು. ವರ್ಷದ ಕೊನೆಗೆ ನನ್ನ ಅಂದಾಜು ನಿಜವಾಯಿತು, ಷೇರು ಚೇತರಿಸಿಕೊಂಡಿತು. ನನಗೆ ಬಡ್ತಿಯ ಪತ್ರ ಬಂದ ದಿನ ಅದನ್ನು ಬ್ಯಾಗಿನಿಂದ ಹೊರಗೆ ತೆಗೆಯಲಿಲ್ಲ.

ಹಳೆಯ ಎಂ.ಡಿ.ಯವರನ್ನು ನೋಡಲು ಹೋಗುವ ಧೈರ್ಯ ನನಗೆ ಬಂದಿರಲಿಲ್ಲ. ಒಂದು ಭಾನುವಾರ ಅಪ್ಪನೇ ಚಪ್ಪಲಿ ಮೆಟ್ಟಿಕೊಂಡು, "ಬಾ, ಅವರ ಮನೆಗೆ ಹೋಗ್ಬರೋಣ" ಎಂದು ಹೊರಡಿಸಿದರು.

ಅವರು ಇಳಿದುಹೋಗಿದ್ದರು. ಬೇರೆ ಎಲ್ಲೂ ಕೆಲಸಕ್ಕೆ ಕರೆದಿರಲಿಲ್ಲವಂತೆ. ಅಪ್ಪ ಮಾತಿಗೆ ಪೀಠಿಕೆ ಹಾಕುವವರಲ್ಲ. "ಸಾರ್, ಆವತ್ತು ನಾನು ಕೇಳಿದ್ದು ತಪ್ಪು ಅಂತ ಹೇಳೋಕೆ ಬಂದಿಲ್ಲ. ಆದ್ರೆ ಸಂಕಟ ಆಗಿದೆ."

"ನೀವು ಕೇಳಬೇಕಾದ್ದೇ ಸಾರ್. ಕೇಳೋರು ಒಂದು ವರ್ಷ ಮೊದ್ಲೇ ಬೇಕಾಗಿತ್ತು" ಎಂದು ಅವರು ನಕ್ಕರು. ಆಮೇಲೆ ಇಬ್ಬರೂ ಹಳೆಯ ಯಂತ್ರಗಳ ಮಾತಿಗೆ ಇಳಿದರು. ಹಳೆಯ ಎಂ.ಡಿ. ನನ್ನ ಕಡೆ ಬಿಸ್ಕತ್ತಿನ ತಟ್ಟೆ ಸರಿಸಿ, "ತಗೊಳ್ಳಮ್ಮ" ಅಂದರು. ನಾನು ಒಂದು ತೆಗೆದುಕೊಂಡೆ, ತಿನ್ನಲಾಗಲಿಲ್ಲ.

ಮೆಟ್ಟಿಲಿಳಿಯುವಾಗ ಅಪ್ಪ ಕಂಬಿ ಹಿಡಿದು ಒಂದು ಕ್ಷಣ ನಿಂತರು.

"ಅವರಿಗೆ ನಿನ್ನ ಮೇಲೆ ಕೋಪ ಇಲ್ಲ ಅಲ್ವಾ?"

"ಇಲ್ಲಪ್ಪ."

"ಇರ್ಬೇಕಿತ್ತು" ಎಂದು ಇಳಿಯತೊಡಗಿದರು.