ಯೇಸಪ್ಪ ಕಾಕಾನ ಸುತ್ತುದಾರಿ

ಕಾಲುವೆಗೆ ನೀರು ಬಿಟ್ಟಾಗ ಸಿಂಧನೂರಿನ ಗಾಳಿಗೆ ಹಸಿ ಕೆಸರಿನ ವಾಸನೆ ಬರುತ್ತದೆ. ಮೊನ್ನೆಯೂ ಬಂತು. ನಿಮಗೆ ಭತ್ತದ ನಾಟಿ ನೆನಪಾಗಬಹುದು. ನನಗೆ ನೆನಪಾಗುವುದು ಚರ್ಚಿನ ಬಾಗಿಲಲ್ಲಿ ಎಲ್ಲರಿಗಿಂತ ಕೊನೆಗೆ ಬಂದು ಬೀಳುತ್ತಿದ್ದ ಒಂದು ಜೊತೆ ಕೆಸರು ಚಪ್ಪಲಿ.

ಅವು ನನ್ನ ತಂದೆಯ ತಮ್ಮ, ಪಕ್ಕದ ಹಳ್ಳಿ ಗೊರೇಬಾಳದಿಂದ ಬಸ್ಸಿಗೆ ಬರುವ ಯೇಸಪ್ಪ ಕಾಕಾನವು. ಕುಡಿತ ಬಿಟ್ಟು ದೇವರಿಗೆ ಒಪ್ಪಿಸಿಕೊಂಡ ಮೇಲೆ ಅವನು ಒಂದು ಭಾನುವಾರವೂ ಆರಾಧನೆ ತಪ್ಪಿಸಿರಲಿಲ್ಲ. ಒಂದು ಭಾನುವಾರವೂ ಹೊತ್ತಿಗೆ ಸರಿಯಾಗಿ ಬಂದಿರಲಿಲ್ಲ. ಬಸ್ ನಿಲ್ದಾಣದಿಂದ ಚರ್ಚಿಗೆ ಹೋಗುವ ಸೀದಾ ರಸ್ತೆಯಲ್ಲಿ ಬ್ರಾಂಡಿ ಅಂಗಡಿಯಿತ್ತು. ಅದರ ಮುಂದೆ ಹಾಯಬಾರದೆಂದು ಕಾಲುವೆ ದಂಡೆ ಹಿಡಿದು ಅರ್ಧ ಊರು ಸುತ್ತಿ ಬರುತ್ತಿದ್ದ.

ಹಾಡು ಹೇಳಿಸುವ ದೀನಮ್ಮ ಬಿಡುತ್ತಿರಲಿಲ್ಲ. "ಕಾಕಾ, ಪರಲೋಕಕ್ಕೂ ಕಡೀ ಬಸ್ಸಿಗೇ ಬರ್ತಿ ಏನ್?"

"ಬಾಗ್ಲಾ ಹಾಕಬ್ಯಾಡ್ರಿ ಅಂತ, ಮೊದ್ಲ ಹೋಗಾಕಿ ನೀ ಹೇಳಿಡು ಬೇ."

ನಾನು ಆಗಷ್ಟೇ ಪತ್ರಿಕೆಗೆ ಸೇರಿದ್ದೆ. ಪ್ರಶ್ನೆ ಕೇಳುವುದೇ ಬುದ್ಧಿವಂತಿಕೆ ಎಂದುಕೊಂಡಿದ್ದ ಕಾಲ. ಒಂದು ದಿನ ಎಲ್ಲರೆದುರು ಕೇಳಿದೆ: "ಕಾಕಾ, ಅಂಗಡಿ ಬೋರ್ಡಿಗೇ ಅಂಜಿದ್ರ ನಿನ್ನ ನಂಬಿಕಿ ಎಂಥಾದು?"

ಜನ ನಕ್ಕರು. ಕಾಕಾ ನಗಲಿಲ್ಲ.

ಮರುವಾರ ಸೀದಾ ರಸ್ತೆಯಲ್ಲಿ ಬಂದ. ಮೊದಲ ಹಾಡಿಗೇ ಇದ್ದ. ಶೋಧನೆಯನ್ನು, ಅಂದರೆ ಪಾಪದ ಸೆಳೆತವನ್ನು, ಗೆದ್ದವನೆಂದು ಸಭಾಪಾಲಕರು ಹೆಸರು ಹಿಡಿದು ಹೊಗಳಿದರು. ನಾನು ಬೀಗಿದೆ. ಅದರ ಮುಂದಿನ ವಾರವೂ ಬಂದ. ಮೂರನೆಯ ವಾರ ಬರಲಿಲ್ಲ. ಹುಡುಕಿಕೊಂಡು ಹೋದರೆ, ಬ್ರಾಂಡಿ ಅಂಗಡಿಯ ಗೋಡೆಗೆ ಒರಗಿ ಕುಳಿತಿದ್ದ. ಕುಡಿದಿದ್ದ. ಬೈಬಲ್ಲನ್ನು ಮಾತ್ರ ನೆಲಕ್ಕೆ ತಾಗದಂತೆ ಎದೆಗೆ ಅವಚಿಕೊಂಡಿದ್ದ.

ಅವನು ಮತ್ತೆ ಕಾಲುವೆ ದಾರಿಗೆ ಮರಳಿದ ಮೇಲೆ ಕ್ಷಮೆ ಕೇಳಿದೆ.

"ನೀ ಏನ್ ನೂಕಿಲ್ಲಲೇ, ನನ್ನ ಕಾಲಿಲೆ ನಾನ ಹೋಗೀನಿ," ಎಂದ. ನಾಲ್ಕು ಹೆಜ್ಜೆ ನಡೆದು, "ಆದ್ರ ನೀ ಹಂಗ ಕೇಳಬಾರದಾಗಿತ್ತು," ಎಂದ.

ಈ ಎರಡು ಹೇಳಿಕೆಗಳನ್ನು ಒಂದೇ ವರದಿಯಲ್ಲಿ ಹೇಗೆ ಹೊಂದಿಸುವುದೆಂದು ಇಷ್ಟು ವರ್ಷ ಸುದ್ದಿ ತಿದ್ದಿದರೂ ನನಗೆ ತಿಳಿದಿಲ್ಲ. ನಮ್ಮನ್ನು ಶೋಧನೆಗೆ ಒಯ್ಯಬೇಡವೆಂದು ವಾರವಾರವೂ ಪ್ರಾರ್ಥನೆಯಲ್ಲಿ ದೇವರನ್ನು ಬೇಡುತ್ತೇವೆ. ಬೇಡಿದಂತೆಯೇ ನಡೆಯುತ್ತಿದ್ದವನನ್ನು ಅಂಜುಬುರುಕ ಎಂದವನು ನಾನು. ಹಾಗೆಂದು, ಸುತ್ತಿ ಹೋಗುವುದೇ ಗೆಲುವೇ? ಅದೂ ಸ್ಪಷ್ಟವಿಲ್ಲ.

ಹೋದ ತಿಂಗಳು ಆ ಅಂಗಡಿ ಎತ್ತಿದರು. ಈಗಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಈ ಭಾನುವಾರ ಬಸ್ಸಿಳಿದ ಕಾಕಾ ಮೊಣಕಾಲು ಹಿಡಿದುಕೊಂಡು ಕಾಲುವೆ ಕಡೆಗೇ ತಿರುಗಿದ. "ಅಂಗಡಿ ಹೋಗೇತಿ, ಸೀದಾ ನಡಿ," ಎಂಬ ಮಾತು ನಾಲಿಗೆಯ ತುದಿಗೆ ಬಂತು. ಖಚಿತ ಸುದ್ದಿ, ನಾನೇ ಕಣ್ಣಾರೆ ಕಂಡದ್ದು. ಹೇಳಲಿಲ್ಲ. ಹೇಳದಿದ್ದದ್ದು ಸರಿಯೋ ತಪ್ಪೋ ಗೊತ್ತಿಲ್ಲ. ಅವನ ತೋಳು ಹಿಡಿದು ದಂಡೆ ಹತ್ತಿಸಿದೆ.

"ನಿನಗೂ ತಡ ಆಕ್ಕೈತಲ್ಲೋ," ಎಂದ.

"ಆಗ್ಲಿ ಬಿಡು ಕಾಕಾ," ಎಂದೆ.