ಟವರ್ ಗುಡ್ಡದ ಜಯಕ್ಕ

ಜಯಕ್ಕನ ಎಡ ಮಣಿಕಟ್ಟಿನಲ್ಲಿ ಒಂದು ಬಳೆ ಇತ್ತು. ಚಿನ್ನದ್ದಲ್ಲ, ಗಾಜಿನದ್ದೂ ಅಲ್ಲ. ಸುಟ್ಟ ಗಾಯ ಮಾಗಿ ಉಳಿದ ಕಲೆ ಅದು. ಮಣಿಕಟ್ಟನ್ನು ಪೂರ್ತಿ ಸುತ್ತಿಕೊಂಡಿತ್ತು. ದೂರದಿಂದ ನೋಡಿದವರು ತೆಳು ಬಳೆಯೆಂದೇ ತಿಳಿಯುತ್ತಿದ್ದರು. ಹತ್ತಿರ ಬಂದವರು ತಟ್ಟನೆ ಕಣ್ಣು ತಿರುಗಿಸಿ ಬೇರೆ ಮಾತು ತೆಗೆಯುತ್ತಿದ್ದರು. ನನಗೆ ಅಷ್ಟು ಸೂಕ್ಷ್ಮ ಇರಲಿಲ್ಲ. ಕೆಲಸಕ್ಕೆ ಸೇರಿದ ದಿನವೇ "ಕೈಗೆ ಏನಾಯ್ತು ಮೇಡಂ?" ಎಂದು ಕೇಳಿಬಿಟ್ಟೆ.

"ಮದ್ವೇಲಿ ನಮ್ಮವ್ವ ಆಕಿದ್ದ ಬಳೆ ಕಣವ್ವ," ಅಂದರು. "ಬ್ಯಾಟ್ರಿ ನಟ್ಟು ಬಿಗಿ ಮಾಡ್ತಿದ್ದೆ. ಒಂದು ಕಡೆ ಸ್ಪ್ಯಾನರ್ ತಗುಲ್ತು, ಇನ್ನೊಂದು ಕಡೆ ಬಳೆ. ಕಣ್ಣು ಮಿಟುಕ್ಸೋದ್ರೊಳ್ಗೆ ಬಳೆ ಕೆಂಡ ಆಗೋಯ್ತು. ಬಿಚ್ಚಕ್ಕೂ ಆಗ್ನಿಲ್ಲ, ಮುಟ್ಟಕ್ಕೂ ಆಗ್ನಿಲ್ಲ. ಹನ್ನೆರಡು ವೋಲ್ಟು ಏನು ಮಾಡೀತು ಅಂತಾರೆ ಎಲ್ಲಾರೂ. ನೋಡ್ಕೋ, ಇದನ್ನ ಮಾಡ್ತದೆ."

ಹೇಳಿ ಮುಗಿಸಿ ನನ್ನ ಕೈಯನ್ನೇ ನೋಡುತ್ತ ನಿಂತರು. ನಾನು ನನ್ನ ಬಳೆಗಳನ್ನು ಬಿಚ್ಚಿ ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿದ ಮೇಲೆಯೇ ಬ್ಯಾಟರಿ ಕೋಣೆಯ ಬಾಗಿಲು ತೆಗೆದದ್ದು.

ನಮ್ಮದು ಹೊಳೆ, ಕಾಲುವೆಗಳ ನೀರು ನೋಡಿಕೊಳ್ಳುವ ಕಚೇರಿಯ ವೈರ್‌ಲೆಸ್ ಠಾಣೆ. ಅರಕಲಗೂಡಿಗೂ ಹೊಳೆನರಸೀಪುರಕ್ಕೂ ನಡುವೆ ಒಂದು ಬೋಳು ಕಲ್ಲುಗುಡ್ಡ, ಅದರ ನೆತ್ತಿಯ ಮೇಲೆ ಟವರ್, ಟವರಿನ ಬುಡದಲ್ಲಿ ಎರಡು ಕೋಣೆ. ಒಂದರಲ್ಲಿ ಬ್ಯಾಟರಿಗಳು, ಇನ್ನೊಂದರಲ್ಲಿ ರಿಪೀಟರ್. ತಗ್ಗಿನಲ್ಲಿರುವ ಸಣ್ಣ ಸೆಟ್ಟಿನ ಕ್ಷೀಣ ದನಿಯನ್ನು ಹಿಡಿದು, ಬಲ ತುಂಬಿ, ಸುತ್ತಲಿನ ಊರುಗಳಿಗೆಲ್ಲ ಮತ್ತೆ ಬಿಡುವ ಯಂತ್ರ ಅದು. ಹಾಸನದ ಕಚೇರಿಯವರು ಆಡಿದ ಮಾತು ಹೊಳೆನರಸೀಪುರದ ಹೊಳೆದಂಡೆಗೆ, ಚನ್ನರಾಯಪಟ್ಟಣ ಕಡೆಯ ಕಾಲುವೆ ಕಾಯುವವರಿಗೆ ಮುಟ್ಟಬೇಕಾದರೆ ಅದು ನಮ್ಮ ಗುಡ್ಡವನ್ನು ಹತ್ತಿ ಇಳಿಯಬೇಕು.

ಎಲ್ಲರ ಕೈಯಲ್ಲೂ ಮೊಬೈಲ್ ಇರುವ ಕಾಲದಲ್ಲಿ ಇದೆಲ್ಲ ಯಾಕೆ ಎಂದು ನನ್ನ ಗಂಡ ಒಮ್ಮೆ ಕೇಳಿದ್ದರು. ನಾನು ಅದನ್ನೇ ಜಯಕ್ಕನಿಗೆ ದಾಟಿಸಿದೆ. "ಮೊಬೈಲ್ನಾಗೆ ಒಬ್ಬ ಇನ್ನೊಬ್ಬನ್ಗೆ ಯೋಳ್ತಾನೆ. ಇಲ್ಲಿ ಒಬ್ಬ ಯೋಳಿದ್ರೆ ಇಡೀ ಹೊಳೆ ಕೇಳ್ತದೆ. ಅದೂ ಅಲ್ದೆ, ಜೋರು ಮಳೆ ಬಂದ ದಿನ ನಿಮ್ಮ ಯಜಮಾನ್ರ ಮೊಬೈಲ್ ಎತ್ತಿ ನೋಡಕ್ಕೆ ಯೋಳು" ಎಂದರು.

ಮೈಕ್ ಹಿಡಿದರೆ ಜಯಕ್ಕ ಬೇರೆಯೇ ಮನುಷ್ಯ. ಅಚ್ಚಿನ ಕನ್ನಡ, ಒಂದೂ ಹೆಚ್ಚಿನ ಶಬ್ದವಿಲ್ಲ. ಮೈಕ್ ಇಟ್ಟೊಡನೆ ಮತ್ತೆ ಅರಕಲಗೂಡು ಕಡೆಯ ಮಾತು. "ಮೊದ್ಲು ಕೇಳು, ಯಾರಾನ ಮಾತಾಡ್ತಾವ್ರಾ ಅಂತ. ಆಮ್ಯಾಕೆ ಒತ್ತು. ಒತ್ತುದ ಮ್ಯಾಕೆ ಒಂದು ಉಸ್ರು ಬಿಡು. ಆಮ್ಯಾಕೆ ಮಾತಾಡು" ಎಂದು ನನಗೆ ಕಲಿಸಿದರು. ನಾನು ಸ್ವಲ್ಪ ಉದ್ದಕ್ಕೆ ಎಳೆದರೆ ಹಿಂದಿನಿಂದ ಬೆನ್ನು ತಟ್ಟುವರು: "ನೀನು ಮಾತಾಡೋಗಂಟ ನಾಕು ತಾಲ್ಲೂಕು ಬಾಯಿ ಮುಚ್ಕೊಂಡಿರ್ಬೇಕು ಕಣವ್ವ. ಬಿಟ್ಕೊಡು."

ಬೇಸಿಗೆ ಬಂದರೆ ಅರ್ತಿಂಗ್ ಗುಂಡಿಗೆ ಬಿಂದಿಗೆಯಲ್ಲಿ ನೀರು ತಂದು ಸುರಿಯುತ್ತಿದ್ದರು. ಗುಡ್ಡದಲ್ಲಿ ಕುರಿ ಮೇಯಿಸುವವನೊಬ್ಬ "ಅಕ್ಕೋ, ಕಬ್ಬುಣ ಚಿಗುರ್ತದಾ?" ಎಂದು ಕಿಚಾಯಿಸುತ್ತಿದ್ದ. "ಚಿಗುರಕ್ಕಲ್ಲ ಕಣಪ್ಪ, ಸಿಡ್ಲು ಬಂದ್ರೆ ನಮ್ಮ ಮ್ಯಾಲೆ ಬರ್ದಂಗೆ ನೆಲಕ್ಕೋಗ್ಲಿ ಅಂತ ದಾರಿ ಒದ್ದೆ ಮಾಡ್ತಾವ್ನಿ" ಎಂದು ಜಯಕ್ಕ ಗಂಭೀರವಾಗಿಯೇ ಉತ್ತರ ಕೊಡುವರು. ದೂರದಲ್ಲಿ ಗುಡುಗಿದರೂ ಸಾಕು, ಸೆಟ್ಟಿನ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ.

ಸೋಮವಾರಗಳಂದು ಅವರು ಮಾಡಿಸುತ್ತಿದ್ದ ಒಂದು ಕಸರತ್ತು ಯಾರಿಗೂ ಇಷ್ಟವಿರಲಿಲ್ಲ. ಬೇಕೆಂದೇ ರಿಪೀಟರ್ ನಿಲ್ಲಿಸಿ, ಎಲ್ಲರೂ ಎರಡನೇ ಚಾನೆಲ್ಲಿಗೆ ಬರಬೇಕೆನ್ನುವರು. ಅದರಲ್ಲಿ ಯಂತ್ರದ ನೆರವಿಲ್ಲ; ಸೆಟ್ಟಿನಿಂದ ಸೆಟ್ಟಿಗೆ ನೇರ ಮಾತು. ಹಾಸನಕ್ಕೂ ಹೊಳೆದಂಡೆಗೂ ಪರಸ್ಪರ ಕೇಳುತ್ತಿರಲಿಲ್ಲ, ಆದರೆ ಗುಡ್ಡದ ಮೇಲೆ ನಿಂತವರಿಗೆ ಇಬ್ಬರೂ ಕೇಳುತ್ತಿದ್ದರು. "ಈಯಮ್ಮನ್ಗೆ ಬೇರೆ ಕೆಲ್ಸ ಇಲ್ಲ" ಎಂಬ ಗೊಣಗಾಟ ಎಷ್ಟೋ ಸಲ ಸೆಟ್ಟಿನಲ್ಲೇ ನಮ್ಮ ಕಿವಿಗೆ ಬೀಳುತ್ತಿತ್ತು. ಜಯಕ್ಕ ನಗುತ್ತಿದ್ದರು.

ಬಳೆಯಿಂದ ನಮ್ಮ ಮನೆಯಲ್ಲಿ ರಗಳೆಯಾಯಿತು. ನಮ್ಮದು ಹೊಳೆನರಸೀಪುರದ ಗುಡಿ ಬೀದಿಯ ಮನೆ. ಅತ್ತೆ ಮಡಿ ಬಿಟ್ಟವರಲ್ಲ. ನಾನು ಬಳೆಗಳನ್ನು ಮೊಳೆಯಲ್ಲೇ ಮರೆತು ಬಸ್ಸು ಹತ್ತಿಬಿಡುತ್ತಿದ್ದೆ. "ಮುತ್ತೈದೆ ಬೋಳುಗೈಯಲ್ಲಿ ಹೊಸಿಲು ದಾಟೋದು ಅಂದ್ರೇನು ಪದ್ಮಾ? ಆ ಕೆಲಸ ಬಿಡು" ಎಂದು ಅತ್ತೆ ಹಟ ಹಿಡಿದರು. ಗಂಡನೂ ಮೌನವಾಗಿ ಅವರ ಕಡೆ ವಾಲಿದರು. ಕೆಲಸ ನಿಜಕ್ಕೂ ಬಿಡಬೇಕಾದೀತೆಂದು ಜಯಕ್ಕನ ಮುಂದೆ ಕಣ್ಣೀರು ಹಾಕಿದೆ.

ಮುಂದಿನ ಭಾನುವಾರ ಅವರು ನಮ್ಮ ಮನೆಗೇ ಬಂದರು. ಅವರ ಮನೆಯಲ್ಲಿ ಬುದ್ಧನ ಪಟದ ಮುಂದೆ ದೀಪ ಹಚ್ಚುತ್ತಾರೆ. ಅವರ ಕೇರಿ ಯಾವುದೆಂದು ಅತ್ತೆಗೆ ಗೊತ್ತಿತ್ತು. ಅದು ಜಯಕ್ಕನಿಗೂ ಗೊತ್ತಿತ್ತು. "ನಾನಿಲ್ಲೇ ಕೂತ್ಕತೀನಿ, ಒಳ್ಳೇ ಗಾಳಿ ಬತ್ತದೆ" ಎಂದು ಜಗಲಿಯ ತುದಿಯಲ್ಲಿ ಕೂತರು. ಅತ್ತೆ ಹೊಸಿಲಿನ ಒಳಗೆ ನಿಂತಿದ್ದರು. ಜಯಕ್ಕ ವಾದ ಮಾಡಲಿಲ್ಲ. ಸೆರಗಿನೊಳಗಿದ್ದ ಕೈ ಹೊರತೆಗೆದು ಮುಂದೆ ಚಾಚಿದರು.

"ನಿಮ್ಮ ಸೊಸೇಗೂ ಇಂಗಾಗ್ಬಾರ್ದು ಅಂತ ಬಿಚ್ಚುಸ್ತೀನಿ ಕಣಮ್ಮ. ಬಂದ್ಮ್ಯಾಕೆ ಆಕ್ಕೊಳ್ಳಲಿ, ನಾನೇ ಗ್ಯಾಪಕ ಮಾಡ್ತೀನಿ."

ಅತ್ತೆ ಬಹಳ ಹೊತ್ತು ಆ ಕಲೆಯನ್ನು ನೋಡಿದರು. ಆಮೇಲೆ ಹೊಸಿಲು ದಾಟಿ ಬಂದು, ಜಗಲಿಯ ಮೇಲೆ ಕೂತು, ಆ ಮಣಿಕಟ್ಟನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು.

"ತುಂಬ ನೋವಾಯ್ತೇನಮ್ಮ?"

"ಆವಾಗ ಆಯ್ತು. ಈಗ ಮೋಡ ಆದ್ರೆ ಒಂಚೂರು ತುರಿಸ್ತದೆ."

"ಒಳಗೆ ಬಾ. ಕಾಫಿ ಕುಡಿದು ಹೋಗುವಿಯಂತೆ."

ಅತ್ತೆ ಯಾರ ಕೈಯನ್ನು ಹಿಡಿದರು ಎಂಬುದು ಆ ಬೀದಿಯಲ್ಲಿ ಹುಟ್ಟಿ ಬೆಳೆದವರಿಗೆ ಮಾತ್ರ ಪೂರ್ತಿ ಅರ್ಥವಾದೀತು. ಮರುದಿನ ನಾನು ಹೊರಡುವಾಗ ಅವರೇ "ಬಳೆ ಇಲ್ಲೇ ಬಿಚ್ಚಿಟ್ಟು ಹೋಗೇ, ಅಲ್ಲಿ ಕಳೆದೀಯೆ" ಎಂದರು. ಮತ್ತೆಂದೂ ಆ ಮಾತೆತ್ತಲಿಲ್ಲ.

ಜಯಕ್ಕನ ಬದುಕನ್ನೇ ತಿರುಗಿಸಿದ ದಿನ ಬಂದದ್ದು ಒಂದು ಮಳೆಗಾಲದಲ್ಲಿ. ಬಿರುಗಾಳಿಗೆ ಟವರಿನ ಮೇಲಿನ ಆಂಟೆನಾ ವಾಲಿ, ಮಾತುಗಳು ಹರಿದು ಹರಿದು ಕೇಳಿಸುತ್ತಿದ್ದವು. ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ, ಟವರ್ ಹತ್ತುವ ಕೆಲಸದ ಮಂಜಣ್ಣ ಚನ್ನರಾಯಪಟ್ಟಣದಿಂದ ಬಂದ. ಜಯಕ್ಕ ಎಲ್ಲ ಠಾಣೆಗಳಿಗೂ ತಿಳಿಸಿ, ರಿಪೀಟರ್ ನಿಲ್ಲಿಸಿ, ಅದರ ಫ್ಯೂಸ್ ಕಿತ್ತು ಮಂಜಣ್ಣನ ಕೈಗೇ ಕೊಟ್ಟರು. ಹತ್ತುವವನ ಜೇಬಿನಲ್ಲಿ ಫ್ಯೂಸ್ ಇರಬೇಕು, ಇಳಿದ ಮೇಲೆ ಅವನೇ ವಾಪಸ್ ಕೊಡಬೇಕು; ಅದು ಅವರ ಕಟ್ಟಳೆ.

ಮಂಜಣ್ಣ ತುದಿ ಮುಟ್ಟಿ, ಬೆಲ್ಟು ಬಿಗಿದುಕೊಂಡು ಕೆಲಸ ಹಿಡಿದಿದ್ದ. ಅಷ್ಟರಲ್ಲಿ ತುಂತುರು ಶುರುವಾಯಿತು. ಮೇಲಿನಿಂದ ಕೂಗು: "ಅಕ್ಕೋ, ಕಾಲು ಇಡ್ಕಂಬುಡ್ತು! ಆಡ್ಸಕ್ಕಾಯ್ತಿಲ್ಲ!" ಆಂಟೆನಾಗೆ ಎದೆ ಒತ್ತಿಕೊಂಡು ಹಾಗೇ ನೇತಾಡುತ್ತಿದ್ದ.

ಆಗಲೇ ಜಯಕ್ಕನ ಮೊಬೈಲ್ ಬಡಿದುಕೊಂಡಿತು. ಹಾಸನದಿಂದ ಸಾಹೇಬರು. ಹೊಳೆಯ ಮೇಲ್ಭಾಗದಲ್ಲಿ ಮಳೆ ಜೋರಾಗಿ ಒಳಹರಿವು ಏರಿದೆ, ಅಣೆಕಟ್ಟೆಯ ಗೇಟು ಎತ್ತುತ್ತಾರೆ, ಹೊಳೆದಂಡೆಯ ನಮ್ಮವರ ಫೋನು ಯಾವುದೂ ಸಿಗುತ್ತಿಲ್ಲ, ತಕ್ಷಣ ರಿಪೀಟರ್ ಹಾಕಿ. ಸಾಹೇಬರ ದನಿ ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು.

"ಮೇಲೆ ಆಂಟೆನಾ ತಬ್ಬಿಕೊಂಡು ಮನುಷ್ಯ ಇದ್ದಾನೆ ಸಾರ್."

"ಒಂದೇ ನಿಮಿಷ ರೀ! ಅಷ್ಟರಲ್ಲಿ ಏನೂ ಆಗಲ್ಲ. ಫ್ಯೂಸ್ ಇನ್ನೊಂದು ಇರುತ್ತಲ್ಲ, ಹಾಕಿ!"

ಇನ್ನೊಂದು ಫ್ಯೂಸ್ ಮೇಜಿನ ಖಾನೆಯಲ್ಲೇ ಇತ್ತು. ನಾನು ಖಾನೆಯ ಕಡೆ ನೋಡಿದೆ. ಹೊಳೆನರಸೀಪುರದ ಸೋಪಾನಗಟ್ಟೆ ನನ್ನ ಕಣ್ಣ ಮುಂದೆ ಬಂತು. ಆ ಹೊತ್ತಿಗೆ ಅಲ್ಲಿ ಬಟ್ಟೆ ಒಗೆಯುವವರು, ಮೀಯುವವರು ಇರುತ್ತಾರೆ. ನಮ್ಮ ಬೀದಿಯವರೂ ಇದ್ದಾರು. ಕೈ ತಾನಾಗಿ ಖಾನೆಯ ಹಿಡಿಯ ಮೇಲೆ ಹೋಯಿತು.

ಜಯಕ್ಕ ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟರು. "ಬ್ಯಾಡ. ರಿಪೀಟರ್ ಆಕಿದ್ರೆ ಆಂಟೆನಾ ಮುಟ್ಟಿರೋನ್ನ ಸುಡ್ತದೆ. ಮೈ ಚುರುಕ್ ಅಂದ್ರೆ ಬೆಚ್ಚಿ ಕೈ ಬಿಡ್ತಾನೆ." ಫೋನಿಗೆ "ಎರಡನೇ ಚಾನೆಲ್ಲಿಗೆ ಬನ್ನಿ ಸಾರ್, ನಾನೇ ದಾಟಿಸ್ತೀನಿ" ಎಂದು ಹೇಳಿ ಇಟ್ಟರು. ಕೈಸೆಟ್ಟು ಎತ್ತಿಕೊಂಡು ಟವರಿನಿಂದ ದೂರ, ಬಂಡೆಯ ಪೂರ್ವದ ಅಂಚಿಗೆ ಓಡಿದರು. ಓಡುತ್ತಲೇ ನನಗೆ ಕೂಗಿದರು: "ನೀನು ಮಂಜನ ತಾವ ಮಾತು ಬಿಡ್ಬ್ಯಾಡ!"

ಮುಂದಿನದನ್ನು ನಾನು ಎರಡೂ ಕಿವಿಯಲ್ಲಿ ಕೇಳಿದೆ. ಒಂದು ಕಡೆ ಜಯಕ್ಕ ಹೊಳೆದಂಡೆಯನ್ನು ಕರೆಯುತ್ತಿದ್ದರು. ಉತ್ತರವಿಲ್ಲ. ಮತ್ತೆ ಕರೆದರು. ಇಲ್ಲ. ನನ್ನ ಕಡೆ ನಾನು "ಮಂಜಣ್ಣ, ಪಾದ ಮೇಲಕ್ಕೆ ಎಳ್ಕೋ, ಹೆಬ್ಬೆರಳು ಮಡಚು, ನಿಧಾನ" ಎನ್ನುತ್ತಿದ್ದೆ. ಹಲವು ಸಲ ಕರೆದ ಮೇಲೆ, ಕೊನೆಗೆ, ಕರಕರ ಸದ್ದಿನೊಳಗಿಂದ ಹೊಳೆದಂಡೆಯವನ ದನಿ ಬಂತು. ರಿಪೀಟರಿನಲ್ಲಿ ಎಷ್ಟು ಹೊತ್ತಾದರೂ ಸದ್ದಿಲ್ಲದಿದ್ದಾಗ, ಸೋಮವಾರದ ಅಭ್ಯಾಸಬಲದಿಂದ ಚಾನೆಲ್ ತಿರುಗಿಸಿದ್ದನಂತೆ. ಜಯಕ್ಕ ಹಾಸನದವರು ಹೇಳಿದ್ದನ್ನು ಒಂದಕ್ಷರ ಬಿಡದೆ ಅವನಿಗೆ ದಾಟಿಸಿದರು. ಅವನು ಹೇಳಿದ್ದನ್ನು ಹಾಸನಕ್ಕೆ. ಮಳೆಯಲ್ಲಿ ನೆನೆಯುತ್ತ, ಒಂದು ಕಿವಿ ಮುಚ್ಚಿಕೊಂಡು, ಆ ಹೊತ್ತಿಗೆ ಅವರೇ ರಿಪೀಟರ್ ಆಗಿ ನಿಂತಿದ್ದರು.

ದಂಡೆಯಲ್ಲಿದ್ದ ಜನರೆಲ್ಲ ಮೇಲೆ ಬಂದರು. ತೆಪ್ಪದವರಿಬ್ಬರು ತಡಮಾಡಿ, ಕೊನೆಗೆ ತೆಪ್ಪ ಬಲೆಗಳನ್ನು ಹೊಳೆಗೆ ಬಿಟ್ಟು ಕೊರಳುದ್ದದ ನೀರಿನಲ್ಲಿ ದಡ ಹತ್ತಿದರು. ಕಾಲು ಸಡಿಲಗೊಂಡು ಇಳಿದ ಮಂಜಣ್ಣ ಜೇಬಿನಿಂದ ಫ್ಯೂಸ್ ತೆಗೆದುಕೊಟ್ಟು, ಬಂಡೆಯ ಮೇಲೆ ಕಾಲು ಚಾಚಿ ಕೂತು ಅತ್ತುಬಿಟ್ಟ.

ಕೆಲವು ದಿನ ಕಳೆದ ಮೇಲೆ ನಮ್ಮಿಬ್ಬರನ್ನೂ ಹಾಸನಕ್ಕೆ ಕರೆಸಿದರು. ಸಾಹೇಬರು ಕೆಟ್ಟ ಮನುಷ್ಯರಲ್ಲ. ಆ ದಿನ ಅವರೂ ಹೆದರಿದ್ದರು.

"ಮಾತು ಮುಟ್ಟೋದು ತಡವಾಯ್ತು, ಹೌದೋ ಅಲ್ಲವೋ?"

"ಹೌದು ಸಾ. ತಡ ಆಯ್ತು."

"ನಿಮಗೆ ಅಷ್ಟು ಜನಕ್ಕಿಂತ ಒಬ್ಬ ಹೆಚ್ಚಾದ್ನೇನ್ರೀ?"

"ಹೆಚ್ಚಲ್ಲ ಸಾ. ಅವನೂ ಜನಾನೇ."

ಬಸ್ಸಿನಲ್ಲಿ ವಾಪಸ್ ಬರುವಾಗ ಜಯಕ್ಕ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ನಾನು ಗೆದ್ದವಳಂತೆ ಏನೋ ಹೇಳಹೊರಟೆ. ಅವರು ತಡೆದರು. "ಆ ತೆಪ್ಪದೋರು ಕೊಚ್ಕೊಂಡು ಓಗ್ಬುಟ್ಟಿದ್ರೆ ನಾನು ಆ ಮಾತು ಆಡ್ತಿದ್ನಾ ಇಲ್ವಾ, ಗೊತ್ತಿಲ್ಲ ಕಣವ್ವ. ಆವತ್ತಿಂದ ನಂಗೆ ನಿದ್ದೆ ಸರಿಯಾಗಿ ಬತ್ತಿಲ್ಲ." ಅದುವರೆಗೆ ಅವರಿಗೆ ಅನುಮಾನವೆಂಬುದೇ ಇಲ್ಲವೆಂದು ತಿಳಿದಿದ್ದೆ.

ಶಿಕ್ಷೆ ಎಂದು ಯಾರೂ ಹೇಳಲಿಲ್ಲ, ಆದರೆ ಜಯಕ್ಕನನ್ನು ಹಾಸನದ ಉಗ್ರಾಣಕ್ಕೆ ಹಾಕಿದರು. ಠಾಣೆಯ ಹೊಣೆ ನನಗೆ ಬಂತು. ನಿವೃತ್ತಿಯವರೆಗೆ ಅವರು ವೈರಿನ ಸುರುಳಿಗಳ ನಡುವೆ ಕೂತರು. ದೂರು ಹೇಳಿದ್ದನ್ನು ನಾನು ಕೇಳಲಿಲ್ಲ. ಒಂದೇ ಸಲ, "ಇಲ್ಲಿ ಎಲ್ಲ ಸುಮ್ಕೆ ಬಿದ್ದಿರ್ತವೆ ಕಣವ್ವ, ಒಂದೂ ಮಾತಾಡಲ್ಲ" ಎಂದಿದ್ದರು.

ಹೋದ ವರ್ಷ ಅವರನ್ನು ಹಾಸನದ ಆಸ್ಪತ್ರೆಗೆ ಸೇರಿಸಿದ್ದಾರೆಂದು ಮಂಜಣ್ಣ ಹೇಳಿದ. ಹೋದೆ. ಬಹಳ ಸಣ್ಣಗಾಗಿದ್ದರು. ಮಗಳು ತಲೆದಿಂಬು ಸರಿಪಡಿಸಿ ಔಷಧಿ ತರಲು ಕೆಳಗೆ ಹೋದಳು. ಜಯಕ್ಕ ನನ್ನ ಗುರುತು ಹಿಡಿದರು. ಅತ್ತೆಯನ್ನು ಕೇಳಲಿಲ್ಲ, ಮಕ್ಕಳನ್ನು ಕೇಳಲಿಲ್ಲ. ಹುಬ್ಬು ಗಂಟಿಕ್ಕಿದರು.

"ಸ್ಟೇಷನ್ನಾಗೆ ಯಾರವ್ರೆ?"

"ಹೊಸಬಳು ಬಂದಿದ್ದಾಳೆ ಅಕ್ಕ. ಚೆನ್ನಾಗಿ ಕಲ್ತಿದ್ದಾಳೆ."

"ಒಬ್ಳೇನಾ?"

"ಇಲ್ಲ, ಮಂಜಣ್ಣನೂ ಇದ್ದಾನೆ. ನಾನು ಬರೋ ತನಕ ಹೋಗಲ್ಲ ಅಂದಿದ್ದಾನೆ."

ಮುಖದ ಗಂಟು ಸಡಿಲವಾಯಿತು. ಮಂಚದ ಅಂಚನ್ನು ಕೈಯಿಂದ ಮೆಲ್ಲಗೆ ತಟ್ಟಿದರು.

"ಅಂಗಾದ್ರೆ ಕೂತ್ಕೋ."

ಕೂತೆ. ಅವರಿಗೆ ನಿದ್ದೆ ಹತ್ತಿತು. ಮಗಳು ಬಂದು "ನೀವು ಹೊರಡಿ ಆಂಟಿ, ಬಸ್ಸು ತಪ್ಪುತ್ತೆ" ಎಂದಳು. ನಾನು ಏಳಲಿಲ್ಲ. ಕಿಟಕಿಯ ಬಿಸಿಲು ಮಂಚದಿಂದ ನೆಲಕ್ಕಿಳಿದು, ನೆಲದಿಂದ ಗೋಡೆ ಹತ್ತಿ ಮರೆಯಾಗುವ ತನಕ ಹಾಗೇ ಕೂತಿದ್ದೆ. ಅವರನ್ನು ನೋಡಿದ್ದು ಅದೇ ಕೊನೆಯ ಸಲ.